ಕ್ಯಾನಿಸ್ಟರ್ ಫಿಲ್ಟರಿನಲ್ಲಿ ಗಾಳಿ ಸೇರಿಕೊಂಡಿದೆ, ರಾತ್ರಿಯಿಡೀ ಗಳಗಳ ಸದ್ದು: ಗಾಳಿ ಎಲ್ಲಿಂದ ಬರುತ್ತಿದೆ?

ಕುವೆಂಪುನಗರದ ಗಪ್ಪಿಮನೆ · ಭಾನುವಾರ ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ನಮ್ಮ ನಡುಮನೆಯಲ್ಲಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮೀನಿನ ತೊಟ್ಟಿ ಇದೆ. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಕೆಳಗಿನ ಮರದ ಕಪಾಟಿನೊಳಗೆ ಕ್ಯಾನಿಸ್ಟರ್ ಫಿಲ್ಟರ್ ಇಟ್ಟಿದ್ದೇವೆ, ಅಂದರೆ ತೊಟ್ಟಿಯ ನೀರನ್ನು ಒಂದು ಕೊಳವೆಯಲ್ಲಿ ಎಳೆದು, ಸೋಸಿ, ಇನ್ನೊಂದು ಕೊಳವೆಯಲ್ಲಿ ವಾಪಸು ಕಳಿಸುವ ಮುಚ್ಚಿದ ಡಬ್ಬಿ. ಎರಡು ವರ್ಷದಿಂದ ಅದು ಓಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕಿತ್ತು, ಅಷ್ಟು ನಿಶ್ಶಬ್ದ. ಇವತ್ತು ಬೆಳಿಗ್ಗೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದೆ. ಆಗಿನಿಂದ ಶುರುವಾಗಿದೆ.

ಕಪಾಟಿನೊಳಗಿಂದ ಒಂದೇ ಸಮನೆ ಕಟಕಟ. ಅದರ ನಡುವೆ ಗಳಗಳ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬುಳುಕ್ ಎಂದು ನೀರು ಹೊರಬರುವ ಕೊಳವೆ ಗಾಳಿ ಉಗುಳುತ್ತದೆ, ತೊಟ್ಟಿಗೆ ಸೋಡಾ ಸುರಿದಂತೆ ಸಣ್ಣ ಗುಳ್ಳೆಗಳು ಹರಡಿಕೊಳ್ಳುತ್ತವೆ. ಅತ್ತೆಯವರು ಮಲಗುವುದು ನಡುಮನೆಯಲ್ಲೇ. "ಎದೆಯಲ್ಲಿ ಕಫ ಕಟ್ಟಿದವರು ಯಾರೋ ಪಕ್ಕದಲ್ಲಿ ಮಲಗಿದ ಹಾಗಿದೆಯಲ್ಲಮ್ಮ" ಎಂದರು. ಅದಕ್ಕಿಂತ ಸರಿಯಾಗಿ ನನಗೂ ವರ್ಣಿಸಲು ಬರುವುದಿಲ್ಲ. ರಾತ್ರಿ ಹೊತ್ತು ಫಿಲ್ಟರ್ ನಿಲ್ಲಿಸಿ ಬೆಳಿಗ್ಗೆ ಹಾಕಿದರೆ ಆಗುತ್ತದೆಯೇ?

ಒಂಟಿ ಏಂಜೆಲ್ · ಭಾನುವಾರ ರಾತ್ರಿ 11.05

ನಿಲ್ಲಿಸಬೇಡಿ ಮೇಡಂ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಬಹುಪಾಲು ಆ ಡಬ್ಬಿಯೊಳಗೇ ಇರುತ್ತವೆ. ನೀರು ನಿಂತರೆ ಅವುಗಳಿಗೆ ಆಮ್ಲಜನಕ ಸಿಗುವುದಿಲ್ಲ. ರಾತ್ರಿಯಿಡೀ ನಿಂತು ನಾರಿದ ನೀರು ಬೆಳಿಗ್ಗೆ ಒಮ್ಮೆಲೇ ತೊಟ್ಟಿಗೆ ನುಗ್ಗುತ್ತದೆ.

ತೊಳೆದ ದಿನ ಒಳಗೆ ಒಂದಷ್ಟು ಗಾಳಿ ಉಳಿಯುವುದು ಸಹಜ. ಫಿಲ್ಟರ್ ಓಡುತ್ತಿರುವಾಗಲೇ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನಿಧಾನವಾಗಿ ವಾಲಿಸಿ. ಸ್ಪಂಜನ್ನು ಒಣಗಿಸಿ ಹಾಗೆಯೇ ಹಾಕಿದಿರಾ? ಹಾಗಾದರೆ ಅದರ ಹೊಟ್ಟೆಯ ತುಂಬ ಗಾಳಿ ಇರುತ್ತದೆ. ನೀರಿನಲ್ಲಿ ಮುಳುಗಿಸಿ ಹಿಂಡಿ ಹಾಕಬೇಕಿತ್ತು. ಇನ್ನೊಂದು ಪ್ರಶ್ನೆ: ಏರ್ ಸ್ಟೋನ್, ಅದೇ ನೀರಿನೊಳಗೆ ಗುಳ್ಳೆ ಬಿಡುವ ಕಲ್ಲು, ಎಲ್ಲಿದೆ?

ಕುವೆಂಪುನಗರದ ಗಪ್ಪಿಮನೆ · ಭಾನುವಾರ ರಾತ್ರಿ 11.30

ವಾಲಿಸಿದೆ. ದೊಡ್ಡದೊಂದು ತೇಗು ಬಂತು, ಐದು ನಿಮಿಷ ಸುಮ್ಮನಿತ್ತು, ಮತ್ತೆ ಅದೇ ರಾಗ. ಏರ್ ಸ್ಟೋನ್ ನೀರು ಹೀರುವ ಕೊಳವೆಯಿಂದ ಒಂದು ಗೇಣು ದೂರದಲ್ಲಿತ್ತು. ತೊಳೆಯುವಾಗ ಅದು ಸರಿದಿದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಈಗ ಇನ್ನೊಂದು ಮೂಲೆಗೆ ಹಾಕಿದ್ದೇನೆ. ಬುಳುಕ್ ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಕಟಕಟ ಹಾಗೆಯೇ ಇದೆ.

ಜಯಲಕ್ಷ್ಮೀಪುರಂ ಗೋಲ್ಡ್ · ಸೋಮವಾರ ಬೆಳಿಗ್ಗೆ 7.15

ಎರಡು ವರ್ಷ ಓಡಿದೆಯಲ್ಲ, ಹೊಸದು ತೆಗೆದುಕೊಳ್ಳಿ. ಇಲ್ಲವೇ ಇಂಪೆಲ್ಲರಿನ (ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆಯ) ಕಡ್ಡಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ನಮ್ಮ ಮಿಕ್ಸಿಗೆ ಹಾಗೆಯೇ ಮಾಡುತ್ತೇವೆ.

ಹಳೆಯ ಅಂಗಡಿ · ಸೋಮವಾರ ಬೆಳಿಗ್ಗೆ 7.40

"ಹೊಸದು ತೆಗೆದುಕೊಳ್ಳಿ" ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದಾಗ ನಾನೂ ಹೇಳುತ್ತಿದ್ದೆ. ಈಗ ಅಂಗಡಿ ಮುಚ್ಚಿದ್ದೇನೆ, ನಿಜ ಹೇಳಬಹುದು: ಈ ಪಂಪುಗಳಲ್ಲಿ ಹಾಳಾಗುವ ಭಾಗಗಳೇ ಕಡಿಮೆ.

ಎಣ್ಣೆ ಮಾತ್ರ ಬೇಡವೇ ಬೇಡ. ಅದು ನೀರಿನ ಮೇಲೆ ಪೊರೆಯಾಗಿ ನಿಂತು ಮೀನಿನ ಉಸಿರಿಗೇ ಅಡ್ಡ ಬರುತ್ತದೆ. ಆ ಕಡ್ಡಿಗೆ ನೀರೇ ಎಣ್ಣೆ. ಆ ಜಾಗದಲ್ಲಿ ನೀರಿನ ಬದಲು ಗಾಳಿ ಕುಳಿತಾಗಲೇ ಅದು ಕಿರುಚುವುದು.

ಮೇಡಂ ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ, ಸದ್ದುಗಳನ್ನು ಬಿಡಿಸಿ ಬರೆದಿದ್ದಾರೆ. ಅಂಗಡಿಗೆ ಬರುವವರು "ಸೌಂಡ್ ಬರುತ್ತಿದೆ" ಎಂದಷ್ಟೇ ಹೇಳಿ ನಿಲ್ಲುತ್ತಿದ್ದರು. ಎಂಥ ಸೌಂಡ್ ಎಂದು ಬಾಯಲ್ಲಿ ಮಾಡಿ ತೋರಿಸಿ ಎಂದರೆ ನಾಚಿಕೆ. ನನ್ನ ಅನುಭವದಲ್ಲಿ ಗಳಗಳ ಮತ್ತು ಬುಳುಕ್ ಎಂದರೆ ಗಾಳಿ. ಕಟಕಟ ಅಥವಾ ಗರಗರ ಎಂದರೆ ಇಂಪೆಲ್ಲರ್ ಎಲ್ಲಿಗೋ ತಗಲುತ್ತಿದೆ. ಗುಂಯ್ ಎಂದರೆ ನಡುಕ ಮರಕ್ಕೋ ಗಾಜಿಗೋ ದಾಟುತ್ತಿದೆ, ಅಡಿಗೆ ಒಂದು ತುಂಡು ಯೋಗ ಮ್ಯಾಟ್ ಹಾಕಿದರೆ ಅರ್ಧ ಇಳಿಯುತ್ತದೆ. ನಿಮಗೆ ಮೊದಲ ಎರಡೂ ಇವೆ. ಅಂದರೆ ಕಾಯಿಲೆಯೂ ಎರಡು ಇರಬಹುದು. ಒಂದನ್ನು ಸರಿಪಡಿಸಿ ಇನ್ನೊಂದು ಹೋಗಲಿಲ್ಲವೆಂದು ಕೈಚೆಲ್ಲಬೇಡಿ.

ಪ್ಲಗ್ ತೆಗೆದು ಇಂಪೆಲ್ಲರ್ ಹೊರತೆಗೆಯಿರಿ. ನಡುವಿನ ಕಡ್ಡಿ ಸೆರಾಮಿಕ್ಕಿನದಾದರೆ ಚಾಕ್‌ಪೀಸಿನಂತೆ ಪಟ್ಟೆಂದು ಮುರಿಯುತ್ತದೆ, ಜೋಪಾನ. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಅದರ ಮೇಲೆ ಬಿಳಿ ಸುಣ್ಣ ಕಟ್ಟಿರುತ್ತದೆ. ಅರ್ಧ ಗಂಟೆ ನಿಂಬೆ ರಸದಲ್ಲಿ ನೆನೆಸಿ ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕಡ್ಡಿಯ ಎರಡೂ ತುದಿಗೆ ಅವರೆಕಾಳಿಗಿಂತ ಚಿಕ್ಕದಾದ ರಬ್ಬರ್ ಟೋಪಿ ಇರಬೇಕು. ಎರಡೂ ಇವೆಯೇ ನೋಡಿ.

ಇನ್ನು ರೆಕ್ಕೆಗೂ ಅದನ್ನು ತಿರುಗಿಸುವ ಆಯಸ್ಕಾಂತಕ್ಕೂ ನಡುವೆ ಸ್ವಲ್ಪ ಸಡಿಲ ಕಾಣಿಸಿದರೆ ಗಾಬರಿಯಾಗಬೇಡಿ. ಅದು ಬೇಕೆಂದೇ ಬಿಟ್ಟಿದ್ದು. ಈ ಮೋಟರುಗಳು ಆಯಸ್ಕಾಂತವನ್ನು ಹೇಗೋ ತಳ್ಳಿ ಓಟ ಶುರುಮಾಡುತ್ತವೆ. ಮೊದಲ ನೂಕಿಗೇ ರೆಕ್ಕೆಯ ಭಾರ ಬೀಳಬಾರದೆಂದು ಆ ಸಡಿಲ. ಒಬ್ಬರು ಅದು ಕಿತ್ತುಹೋಗಿದೆಯೆಂದು ಫೆವಿಕ್ವಿಕ್ ಹಾಕಿ ಅಂಟಿಸಿ ತಂದಿದ್ದರು. ಆ ಪಂಪು ಮತ್ತೆ ತಿರುಗಲಿಲ್ಲ.

ಮಂಡ್ಯ ಕಬ್ಬಿನ ಗದ್ದೆ · ಸೋಮವಾರ ಬೆಳಿಗ್ಗೆ 9.20

ಅಕ್ಕಾ, ನನ್ನದು ಎರಡಡಿ ತೊಟ್ಟಿ, ಅನುಭವ ಅಷ್ಟೇ. ಆದರೆ ಪಂಪ್‌ಸೆಟ್ಟಿನ ಜೊತೆ ಮೂವತ್ತು ವರ್ಷ ಹೆಣಗಿದ್ದೇನೆ. ನಿಮ್ಮ ಡಬ್ಬಿಯೊಳಗಿರುವುದೂ ಅದೇ ಜಾತಿಯದು, ಮರಿ ಅಷ್ಟೇ. ತಿರುಗುವ ರೆಕ್ಕೆಗೆ ನೀರನ್ನು ಎಸೆಯಲು ಬರುತ್ತದೆ, ಗಾಳಿಯನ್ನು ಎಸೆಯಲು ಬರುವುದಿಲ್ಲ. ಪಂಪಿನ ಹೊಟ್ಟೆಗೆ ಗಾಳಿ ಹೋದರೆ ಮೋಟರ್ ಬಡಿದುಕೊಳ್ಳುತ್ತದೆ, ನೀರು ಮಾತ್ರ ಬರುವುದಿಲ್ಲ. "ಪಂಪು ಗಾಳಿ ಹಿಡಿಯಿತು" ಎನ್ನುವುದು ಅದಕ್ಕೇ. ಹೀರುವ ಕೊಳವೆಯ ಬುಡದಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಸೋರುತ್ತಿದ್ದ ಕಾಲದಲ್ಲಿ ನಮ್ಮಪ್ಪ ಬಿಂದಿಗೆ ನೀರಿಗೆ ಸಗಣಿ ಕದಡಿ ಸುರಿಯುತ್ತಿದ್ದರು, ಸಂದು ಮುಚ್ಚಿಕೊಳ್ಳಲಿ ಎಂದು. ನೀವು ಹಾಗೆ ಮಾಡಬೇಡಿ ಮತ್ತೆ.

ಹೇಳಬೇಕಾದದ್ದು ಇಷ್ಟು. ಸದ್ದು ಬರುವ ಜಾಗದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಗಾಳಿ ಒಳಗೆ ಹೋಗುವುದು ಹೀರುವ ಕಡೆಯಿಂದ. ನೀರು ಸೋರಿದರೆ ನೆಲ ಒದ್ದೆಯಾಗಿ ತಾನೇ ತೋರಿಸಿಕೊಡುತ್ತದೆ. ಗಾಳಿ ಎಳೆಯುವ ಸಂದು ಒಣಗಿಯೇ ಇರುತ್ತದೆ, ಕಳ್ಳನ ಹಾಗೆ. ಮುಚ್ಚಳದ ರಬ್ಬರ್ ಬಳೆ ನೋಡಿ. ನಿನ್ನೆ ತೊಳೆದಾಗ ಅಲ್ಲೊಂದು ಕೂದಲೋ ಮರಳಿನ ಕಾಳೋ ಕುಳಿತಿರಬೇಕು.

ಸರಸ್ವತಿಪುರಂ ಮೇಷ್ಟ್ರು · ಸೋಮವಾರ ಬೆಳಿಗ್ಗೆ 11.10

ಗದ್ದೆಯವರ ಮಾತು ತತ್ತ್ವದಲ್ಲಿ ಸರಿ, ಜಾಗದಲ್ಲಿ ತಪ್ಪು. ಭೌತಶಾಸ್ತ್ರ ಕಲಿಸಿ ನಿವೃತ್ತನಾದವನ ಹಳೆಯ ಚಾಳಿ, ಕ್ಷಮಿಸಿ.

ಬಾವಿಯ ಮೇಲಿನ ಪಂಪಿಗೆ ನೀರು ಕೆಳಗಿದೆ. ಹೀರುವ ಕೊಳವೆಯ ಉದ್ದಕ್ಕೂ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಎಲ್ಲಿ ಸೂಜಿಮೊನೆಯಷ್ಟು ಸಂದಿದ್ದರೂ ಗಾಳಿ ನುಗ್ಗುತ್ತದೆ. ಈ ತಾಯಿಯ ಮನೆಯಲ್ಲಿ ಲೆಕ್ಕ ತಲೆಕೆಳಗು. ನೀರು ಮೇಲೆ, ಪಂಪು ಕೆಳಗೆ. ಡಬ್ಬಿಯ ಮುಚ್ಚಳ ನೀರಿನ ಮಟ್ಟಕ್ಕಿಂತ ಮುಕ್ಕಾಲು ಮೀಟರ್ ಕೆಳಗಿದ್ದರೆ ಅಲ್ಲಿ ಮುಕ್ಕಾಲು ಮೀಟರ್ ನೀರಿನ ಭಾರ ಹೊರಕ್ಕೆ ತಳ್ಳುತ್ತಿರುತ್ತದೆ. ಮುಚ್ಚಳದ ಬಳೆ ಕೆಟ್ಟಿದ್ದರೆ ಗಾಳಿ ಒಳಗೆ ಹೋಗುವ ಮೊದಲು ನೀರು ಹೊರಗೆ ಬಂದು ಕಪಾಟು ನೆನೆಯಬೇಕಿತ್ತು. ನೆನೆದಿದೆಯೇ?

ಹೊರಗಿನ ಗಾಳಿಗಿಂತ ಒತ್ತಡ ಖಂಡಿತವಾಗಿ ಕಡಿಮೆ ಇರುವ ಜಾಗ ಒಂದೇ: ಹೀರುವ ಕೊಳವೆ ತೊಟ್ಟಿಯ ಅಂಚನ್ನು ಹತ್ತಿ ಇಳಿಯುವ ಬಾಗು. ನೀರಿನ ಮಟ್ಟಕ್ಕಿಂತ ಅದು ನಾಲ್ಕು ಬೆರಳು ಮೇಲಿದ್ದರೆ ಅಷ್ಟು ಎತ್ತರದ ನೀರಿನಷ್ಟು ಒತ್ತಡ ಕಡಿಮೆ. ಅಲ್ಲಿನ ಜೋಡಣೆ ಸಡಿಲವಾದರೆ ಒಂದು ಹನಿಯೂ ಸೋರದೆ ಗಾಳಿ ಒಳಗೆ ಹೋಗುತ್ತದೆ. ಕೊಳವೆಯ ಬಾಯಿಯ ಜಾಲರಿಗೆ ಎಲೆ ಕಚ್ಚಿಕೊಂಡಿದ್ದರೆ ಎಳೆತ ಇನ್ನೂ ಹೆಚ್ಚು.

ಪರೀಕ್ಷೆ ಸುಲಭ. ಕೊಳವೆ ಪಾರದರ್ಶಕವಾಗಿರುತ್ತದೆ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಬಾಗಿನ ಹಿಂದೆ ಹಿಡಿಯಿರಿ. ತೊಟ್ಟಿಯಿಂದ ಮೇಲೇರುವ ಭಾಗದಲ್ಲೇ ಗುಳ್ಳೆ ಕಂಡರೆ ಗಾಳಿ ತೊಟ್ಟಿಯಿಂದ ಬರುತ್ತಿದೆ, ಅಂದರೆ ಏರ್ ಸ್ಟೋನ್. ಏರುವ ಭಾಗ ಸ್ವಚ್ಛವಿದ್ದು ಬಾಗಿನ ಆಚೆ ಮಾತ್ರ ಗುಳ್ಳೆ ಇಳಿಯುತ್ತಿದ್ದರೆ ಬಾಗಿನ ಜೋಡಣೆಯೇ ಅಪರಾಧಿ.

ಒಂಟಿ ಏಂಜೆಲ್ · ಸೋಮವಾರ ಬೆಳಿಗ್ಗೆ 11.25

ಊದುಬತ್ತಿ ಹಚ್ಚಿ ಜೋಡಣೆಯ ಹತ್ತಿರ ಹಿಡಿದರೆ? ಹೊಗೆ ಒಳಕ್ಕೆ ಎಳೆದುಕೊಂಡರೆ ಗೊತ್ತಾಗುತ್ತದಲ್ಲ. ಮೈಸೂರಿನಲ್ಲಿ ಊದುಬತ್ತಿಗೇನು ಬರ.

ಸರಸ್ವತಿಪುರಂ ಮೇಷ್ಟ್ರು · ಸೋಮವಾರ ಬೆಳಿಗ್ಗೆ 11.40

ಹತ್ತು ನಿಮಿಷಕ್ಕೊಂದು ತೇಗಾಗುವಷ್ಟು ಗಾಳಿ ಎಂದರೆ ಒಂದು ನಿಮಿಷಕ್ಕೆ ಎಷ್ಟು ಅಲ್ಪ, ಯೋಚಿಸಿ. ಫ್ಯಾನ್ ಗಾಳಿಗೆ ಅಲುಗಾಡುವ ಹೊಗೆಯಲ್ಲಿ ಅದು ಕಾಣುವುದಿಲ್ಲ. ಮನೆ ಪರಿಮಳವಾಗುತ್ತದೆ, ಅಷ್ಟೇ. ಸೋಪಿನ ನೊರೆಯನ್ನೂ ಹಚ್ಚಬೇಡಿ, ಅದನ್ನೂ ಒಳಗೆ ಎಳೆದುಕೊಂಡರೆ ಮೀನು ಉಳಿಯುವುದಿಲ್ಲ.

ಮಂಡ್ಯ ಕಬ್ಬಿನ ಗದ್ದೆ · ಸೋಮವಾರ ಮಧ್ಯಾಹ್ನ 1.05

ಮೇಷ್ಟ್ರೇ, ಒಪ್ಪಿದೆ. ನೀರು ಮೇಲಿದೆ ಎನ್ನುವುದನ್ನು ಮರೆತೆ. ಆದರೆ ನನ್ನದೊಂದು ಉಪಾಯ ಉಳಿಸಿಕೊಳ್ಳುತ್ತೇನೆ. ಅನುಮಾನದ ಜೋಡಣೆಗೆ ಒದ್ದೆ ಬಟ್ಟೆ ಬಿಗಿಯಾಗಿ ಸುತ್ತಿ ಅರ್ಧ ಗಂಟೆ ಕಾಯಿರಿ. ಗುಳ್ಳೆ ನಿಂತರೆ ಜಾಗ ಸಿಕ್ಕಿತು. ನಾವು ಸೈಕಲ್ ಟ್ಯೂಬ್ ಸೀಳಿ ಸುತ್ತಿ, ಒಂದು ಬೆಳೆ ಮುಗಿಸಿದ್ದೂ ಉಂಟು.

ಶ್ರೀರಂಗಪಟ್ಟಣದ ಫೈಟರ್ · ಸೋಮವಾರ ಸಂಜೆ 6.30

ಚರ್ಚೆಯ ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಕ್ಯಾನಿಸ್ಟರ್ ಅಲ್ಲ, ತೊಟ್ಟಿಯ ಹಿಂದೆ ನೇತುಹಾಕುವ ಫಿಲ್ಟರ್. ನೀರು ಬದಲಿಸಿದ ವಾರ ಸುಮ್ಮನಿರುತ್ತದೆ. ದಿನ ಕಳೆದಂತೆ ಧೋ ಎಂದು ಮಳೆ ಬಿದ್ದ ಹಾಗೆ. ಕರೆಂಟ್ ಹೋಗಿ ಬಂದರೆ ಮೋಟರ್ ಗುಂಯ್ ಎನ್ನುತ್ತದೆ, ನೀರು ಎತ್ತುವುದಿಲ್ಲ.

ಹಳೆಯ ಅಂಗಡಿ · ಸೋಮವಾರ ಸಂಜೆ 6.55

ನಿಮ್ಮ ಮಳೆಗೆ ಕಾರಣ ಬಿಸಿಲು. ನೀರು ಆವಿಯಾಗಿ ಮಟ್ಟ ಎರಡು ಬೆರಳು ಇಳಿದಿದೆ, ಧಾರೆ ಅಷ್ಟು ಎತ್ತರದಿಂದ ಬೀಳುತ್ತಿದೆ. ಎರಡು ದಿನಕ್ಕೊಮ್ಮೆ ಒಂದು ಚೊಂಬು ನೀರು ಸೇರಿಸಿ. ಕರೆಂಟ್ ಹೋದಾಗ ಮಟ್ಟ ಕಡಿಮೆಯಿದ್ದರೆ ಪೆಟ್ಟಿಗೆಯ ನೀರು ಕೊಳವೆಯ ಮೂಲಕ ತೊಟ್ಟಿಗೆ ಇಳಿದುಬಿಡುತ್ತದೆ. ಮತ್ತೆ ಕರೆಂಟ್ ಬಂದಾಗ ಪಂಪಿಗೆ ಸಿಗುವುದು ಬರೀ ಗಾಳಿ. ಪೆಟ್ಟಿಗೆಗೆ ಒಂದು ಮಗ್ ನೀರು ಸುರಿದರೆ ಎತ್ತಿಕೊಳ್ಳುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋಗಿ ಬಂದು ಒಣ ಪಂಪು ಗಂಟೆಗಟ್ಟಲೆ ತಿರುಗಿದರೆ ಮಾತ್ರ ಇಂಪೆಲ್ಲರ್ ಹಾಳಾಗುತ್ತದೆ.

ಶ್ರೀರಂಗಪಟ್ಟಣದ ಫೈಟರ್ · ಸೋಮವಾರ ಸಂಜೆ 7.05

ಧಾರೆಯ ಸದ್ದು ಹೋದರೆ ಮೀನಿಗೆ ಆಮ್ಲಜನಕ ಕಡಿಮೆಯಾಗುವುದಿಲ್ಲವೇ?

ಸರಸ್ವತಿಪುರಂ ಮೇಷ್ಟ್ರು · ಸೋಮವಾರ ಸಂಜೆ 7.30

ಸದ್ದಿಗೂ ಆಮ್ಲಜನಕಕ್ಕೂ ನಂಟಿಲ್ಲ. ಗಾಳಿ ನೀರಿನಲ್ಲಿ ಕರಗುವುದು ಬಹುಮಟ್ಟಿಗೆ ಮೇಲ್ಮೈಯಲ್ಲಿ. ಮೇಲ್ಮೈ ಸುಕ್ಕುಗಟ್ಟಿದಂತೆ ಅಲುಗಾಡುತ್ತಿದ್ದರೆ ಸಾಕು. ಏರ್ ಸ್ಟೋನಿನ ಗುಳ್ಳೆಗಳ ಮುಖ್ಯ ಉಪಕಾರವೂ ಅದೇ, ಕೆಳಗಿನ ನೀರನ್ನು ಮೇಲಕ್ಕೆ ತಂದು ಮೇಲ್ಮೈಯನ್ನು ಕದಡುವುದು. ಅಲ್ಲದೆ ನಿಮ್ಮ ಹೆಸರು ನೋಡಿದರೆ ನೀವು ಸಾಕಿರುವುದು ಫೈಟರ್ ಮೀನು ಎನಿಸುತ್ತದೆ. ಅದು ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸುವ ಪ್ರಾಣಿ. ನೀರು ಜೋರಾಗಿ ಹರಿಯುವುದು ಅದಕ್ಕೆ ಹಿಂಸೆ.

ಕುವೆಂಪುನಗರದ ಗಪ್ಪಿಮನೆ · ಸೋಮವಾರ ರಾತ್ರಿ 11.15

ಕಪಾಟು ಒಣಗಿಯೇ ಇದೆ, ಮೇಷ್ಟ್ರೇ. ದೀಪ ಆರಿಸಿ ಟಾರ್ಚ್ ಹಿಡಿದೆ. ಏರುವ ಭಾಗ ಸ್ವಚ್ಛ. ಬಾಗಿನ ಆಚೆ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು ಇಳಿಯುತ್ತಿವೆ! ಅತ್ತೆಯವರೂ ಎದ್ದು ಬಂದು ನೋಡಿ, "ಇದಾ, ಇಷ್ಟು ಸಣ್ಣದಾ" ಎಂದರು. ಒದ್ದೆ ಬಟ್ಟೆ ಸುತ್ತಿದೆ. ಇಪ್ಪತ್ತೈದು ನಿಮಿಷದಿಂದ ಒಂದು ಗುಳ್ಳೆಯೂ ಇಲ್ಲ.

ಹತ್ತಿರದಿಂದ ನೋಡಿದರೆ ಮೆತು ಕೊಳವೆಯ ತುದಿ ಗಟ್ಟಿಯಾಗಿ, ಬಿಳಿಚಿ, ಗಂಟೆಯ ಬಾಯಿಯಂತೆ ಅಗಲವಾಗಿದೆ. ತೊಳೆಯಲೆಂದು ನಾನೇ ಎಳೆದು ತೆಗೆದು ಮತ್ತೆ ಸಿಕ್ಕಿಸಿದ್ದು. ಜಾಲರಿಯ ಮೇಲೆ ಎರಡು ಕೊಳೆತ ಎಲೆಗಳೂ ಇದ್ದವು.

ಇನ್ನೊಂದು ವಿಚಿತ್ರ. ಏಳೂವರೆಗೆ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಕಟಕಟದ ಜೊತೆ ಗುಂಯ್ ಎಂಬ ಹೊಸ ಸದ್ದು ಶುರುವಾಯಿತು. ಕರೆಂಟ್ ಬಂದಕೂಡಲೇ ಅದು ಹೋಯಿತು.

ಹಳೆಯ ಅಂಗಡಿ · ಮಂಗಳವಾರ ಬೆಳಿಗ್ಗೆ 6.50

ಗಟ್ಟಿಯಾದ ತುದಿಯನ್ನು ಒಂದಂಗುಲ ನೇರವಾಗಿ ಕತ್ತರಿಸಿ ಬಿಸಾಡಿ. ಹೊಸ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಮೆತ್ತಗಾಗುತ್ತದೆ, ಬುಡದವರೆಗೆ ತಳ್ಳಿ ನಟ್ ಬಿಗಿ ಮಾಡಿ. ಟೆಫ್ಲಾನ್ ಟೇಪ್ ಬೇಡ, ನುಣುಪಾದ ಕೊಳವೆಗೆ ಅದು ನಿಲ್ಲುವುದಿಲ್ಲ. ಮುಚ್ಚಳದ ಬಳೆಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಮನೆಯಲ್ಲಿದೆಯೆಂದು ತುಟಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಕೆಲವು ಬಗೆಯ ರಬ್ಬರ್ ಉಬ್ಬಿಕೊಳ್ಳುತ್ತದೆ.

ಗುಂಯ್ ಎನ್ನುವುದಕ್ಕೆ ಕಾರಣ ಫಿಲ್ಟರ್ ಅಲ್ಲ, ಇನ್ವರ್ಟರ್. ನಿಮ್ಮದು ಸ್ಕ್ವೇರ್ ವೇವ್ (ಚೌಕದಂಥ ಅಲೆಯ ಕರೆಂಟ್ ಕೊಡುವಂಥದ್ದು) ಇರಬೇಕು, ಫ್ಯಾನ್ ಕೂಡ ಗುಂಯ್‌ಗುಡುತ್ತಿರುತ್ತದೆ, ಕೇಳಿಸಿಕೊಳ್ಳಿ. ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆ ಇಲ್ಲ. ಕರೆಂಟ್ ಬರುವವರೆಗೆ ಸಹಿಸಿಕೊಳ್ಳಬಹುದು.

ಕಟಕಟದ ಬಗ್ಗೆ ನೀವು ಉತ್ತರಿಸಲೇ ಇಲ್ಲ. ಇಂಪೆಲ್ಲರ್ ತೆಗೆದು ನೋಡಿದಿರಾ?

ಸರಸ್ವತಿಪುರಂ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8.10

ಆ ಕಟಕಟದ ವೇಗಕ್ಕೂ ಒಂದು ಲೆಕ್ಕವಿದೆ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ಎರಡು ಧ್ರುವದ ಆಯಸ್ಕಾಂತ ಅದರ ತಾಳಕ್ಕೆ ಸರಿಯಾಗಿ ಸೆಕೆಂಡಿಗೆ 50 ಸುತ್ತು, ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಕೂದಲೆಳೆಯಷ್ಟು ಓಲಾಡಿದರೂ ಸೆಕೆಂಡಿಗೆ 50 ಪೆಟ್ಟು. ನಿದ್ದೆ ಹೇಗೆ ಬಂದೀತು!

ಕುವೆಂಪುನಗರದ ಗಪ್ಪಿಮನೆ · ಮಂಗಳವಾರ ರಾತ್ರಿ 9.40

ಕೊಳವೆಯನ್ನು ಮಧ್ಯಾಹ್ನವೇ ಕತ್ತರಿಸಿ ಜೋಡಿಸಿದೆ. ಗಳಗಳ, ಬುಳುಕ್ ಎರಡೂ ಸಂಪೂರ್ಣ ನಿಂತವು. ಆಮೇಲೆ ಇಂಪೆಲ್ಲರ್ ತೆಗೆದೆ. ಕಡ್ಡಿಯ ಮೇಲಿನ ತುದಿಗೆ ರಬ್ಬರ್ ಟೋಪಿ ಇದೆ, ಕೆಳಗಿನ ತುದಿಗೆ ಇಲ್ಲ! ಭಾನುವಾರ ಅದನ್ನೆಲ್ಲ ತೊಳೆದದ್ದು ಅಡುಗೆಮನೆಯ ಸಿಂಕಿನಲ್ಲಿ. ಓಡಿಹೋಗಿ ಸಿಂಕಿನ ಜಾಲರಿ ಎತ್ತಿದರೆ, ಕರಿಬೇವಿನ ಕಡ್ಡಿಯ ಕೆಳಗೆ ಒಂದು ಕಪ್ಪು ಮಣಿ. ಎರಡು ದಿನ ಅದರ ಮೇಲೆ ಪಾತ್ರೆ ತೊಳೆದಿದ್ದೇವೆ. ಬಿಸಿನೀರಿನಲ್ಲಿ ನಾಲ್ಕು ಬಾರಿ ತೊಳೆದು ಹಾಕಿದೆ. ಈಗ ಕಪಾಟಿಗೆ ಕಿವಿ ಹಚ್ಚಿದರೆ ಮಾತ್ರ ಸಣ್ಣ ಗುಯ್‌ಗುಡುವಿಕೆ.

ಇಲ್ಲಿ ಇನ್ನೊಂದು ತಪ್ಪೂ ಒಪ್ಪಿಕೊಳ್ಳುತ್ತೇನೆ. ಸ್ಪಂಜನ್ನೂ ಅದೇ ನಲ್ಲಿಯ ಕೆಳಗೆ ತೊಳೆದಿದ್ದೆ.

ಒಂಟಿ ಏಂಜೆಲ್ · ಮಂಗಳವಾರ ರಾತ್ರಿ 9.55

ಅಯ್ಯೋ, ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನ ಬಕೆಟ್ಟಿನಲ್ಲೇ ಹಿಂಡಬೇಕು. ಒಂದೆರಡು ವಾರ ಆಹಾರ ಕಡಿಮೆ ಹಾಕಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ತಕ್ಷಣ ಕಾಲು ಭಾಗ ನೀರು ಬದಲಿಸಿ.

ಕುವೆಂಪುನಗರದ ಗಪ್ಪಿಮನೆ · ಬುಧವಾರ ಬೆಳಿಗ್ಗೆ 8.30

ಮುನ್ನೆಚ್ಚರಿಕೆಗೆಂದು ಬೆಳಿಗ್ಗೆಯೇ ಕಾಲು ಭಾಗ ನೀರು ಬದಲಿಸಿದೆ. ಈಗ ಗಾಜಿನ ಮೇಲೆ, ಗಿಡದ ಎಲೆಯ ಮೇಲೆ, ಗಪ್ಪಿಯ ಬೆನ್ನ ಮೇಲೂ ಬೆಳ್ಳಿಯಂಥ ಗುಳ್ಳೆಗಳು ಅಂಟಿಕೊಂಡಿವೆ. ಫಿಲ್ಟರ್ ಸದ್ದಿಲ್ಲದೆ ಓಡುತ್ತಿದೆ. ಮತ್ತೆ ಎಲ್ಲಿಂದ ಬಂತು?

ಸರಸ್ವತಿಪುರಂ ಮೇಷ್ಟ್ರು · ಬುಧವಾರ ಬೆಳಿಗ್ಗೆ 9.00

ಇದು ಫಿಲ್ಟರಿನ ಗಾಳಿ ಅಲ್ಲ ತಾಯಿ, ನಲ್ಲಿಯ ಗಾಳಿ. ಒತ್ತಡದಲ್ಲಿ ಬರುವ ತಣ್ಣನೆಯ ನೀರಿನಲ್ಲಿ ಗಾಳಿ ಹೆಚ್ಚು ಕರಗಿರುತ್ತದೆ. ಸಮುದ್ರ ಮಟ್ಟದ ಲೆಕ್ಕದಲ್ಲಿ 15 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 25 ಡಿಗ್ರಿಯ ನೀರು ಹಿಡಿಯುವುದು ಎಂಟು ಚಿಲ್ಲರೆ. ನಮ್ಮ ಮೈಸೂರು ಎತ್ತರದಲ್ಲಿರುವುದರಿಂದ ಇಲ್ಲಿ ಎರಡೂ ಇನ್ನಷ್ಟು ಕಡಿಮೆ. ಬೆಚ್ಚಗಿನ ತೊಟ್ಟಿಗೆ ಬಿದ್ದಾಗ ಹೆಚ್ಚಾದದ್ದು ಗುಳ್ಳೆಯಾಗಿ ಹೊರಬರುತ್ತದೆ. ಸಂಜೆಯೊಳಗೆ ಹೋಗುತ್ತದೆ. ಮುಂದಿನ ಸಲ ಹಿಂದಿನ ರಾತ್ರಿಯೇ ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಗಾಳಿಯೂ ಹೋಗಿರುತ್ತದೆ, ಕ್ಲೋರಿನ್ನೂ ಬಹುಪಾಲು ಹಾರಿರುತ್ತದೆ.

ಶ್ರೀರಂಗಪಟ್ಟಣದ ಫೈಟರ್ · ಬುಧವಾರ ಮಧ್ಯಾಹ್ನ 2.20

ಎರಡು ಚೊಂಬು ನೀರು ಹಾಕಿದೆ, ಮಳೆ ನಿಂತಿತು.

ಮಂಡ್ಯ ಕಬ್ಬಿನ ಗದ್ದೆ · ಬುಧವಾರ ರಾತ್ರಿ 8.15

ಅಕ್ಕಾ, ನಿಮ್ಮ ಕಥೆ ಓದಿ ನನ್ನ ತೊಟ್ಟಿಯ ಕೊಳವೆಯನ್ನೂ ಮುಟ್ಟಿ ನೋಡಿದೆ. ತುದಿ ಕಬ್ಬಿನ ಗಿಣ್ಣಿನಷ್ಟು ಗಟ್ಟಿ. ಕತ್ತರಿಸಲು ಉದ್ದ ಸಾಲದು, ಹೊಸದೇ ಬೇಕು. ನಿಮ್ಮ ಪೈಪಿನ ಅಳತೆ ಎಷ್ಟು? ನಾಳೆ ಮೈಸೂರಿಗೆ ಬರುವವನಿದ್ದೇನೆ.

ಕುವೆಂಪುನಗರದ ಗಪ್ಪಿಮನೆ · ಬುಧವಾರ ರಾತ್ರಿ 8.40

ನನ್ನದು ಒಳಗಿನ ಅಳತೆ 12 ಮಿಲಿಮೀಟರ್, ಹೊರಗಿನದು 16. ನಿಮ್ಮದೂ ಅದೇ ಇರಬೇಕೆಂದಿಲ್ಲ ಅಣ್ಣಾ, ಹಳೆಯ ಪೈಪಿನ ಒಂದು ತುಂಡನ್ನು ಜೇಬಿನಲ್ಲಿಟ್ಟುಕೊಂಡೇ ಬನ್ನಿ.